ಹಳೇ ಸೆಟ್ಟು ಗೆದ್ದಿತು ಅನ್ನುವವರಿಗೆ

ನಮ್ಮ ಮನೆಯ ಹಳೇ ಸ್ಟೀರಿಯೊ ಸೆಟ್ಟು ಹೊಸ ಸೆಟ್ಟನ್ನು ಸೋಲಿಸಿತು ಎಂಬ ಕಥೆ ಮಧುಗಿರಿಯ ನಮ್ಮ ಬೀದಿಯಲ್ಲಿ ಇನ್ನೂ ಓಡಾಡುತ್ತಿದೆ. ಹೇಳುವವರೆಲ್ಲ ಒಂದೇ ರೀತಿ ಹೇಳುತ್ತಾರೆ. ನಾಟಕದ ಮೇಷ್ಟ್ರು ಪರದೆಯ ಈಚೆ ಕೂತರು, ಆಚೆಯಿಂದ ಒಮ್ಮೆ ಹಳೇ ಸೆಟ್ಟು ಹಾಡಿತು, ಒಮ್ಮೆ ಹೊಸ ಸೆಟ್ಟು ಹಾಡಿತು, ಯಾವುದು ಯಾವುದೆಂದು ಮೇಷ್ಟ್ರು ಒಂದು ಸಲವೂ ತಪ್ಪದೆ ಹೇಳಿದರು, ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದುಕೊಂಡು ಬಂದಿದ್ದ ಮಗಳ ಬಾಯಿ ಮುಚ್ಚಿಹೋಯಿತು. ಟೀ ಅಂಗಡಿಯಲ್ಲಿ ಇದನ್ನು ಹೇಳುವಾಗ ಕೊನೆಗೊಂದು ತೀರ್ಪು ಇರುತ್ತದೆ: "ಹಳೇದು ಹಳೇದೇ ಕಣ್ಲಾ. ಈಗಿನವು ಬರೀ ಡಬ್ಬ."

ಕಥೆ ಚೆನ್ನಾಗಿದೆ. ಆ ಮಗಳು ನಾನೇ. ಬಾಯಿ ಮುಚ್ಚಿದ್ದೂ ನಿಜ. ಉಳಿದದ್ದಕ್ಕೆ ನನ್ನ ಆಕ್ಷೇಪವಿದೆ. ಮೇಷ್ಟ್ರು ತಪ್ಪಲಿಲ್ಲ ಎಂಬಲ್ಲಿಂದ ಹಳೇ ಸೆಟ್ಟು ಗೆದ್ದಿತು ಎಂಬಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲೇ ಇಲ್ಲ. ಕಥೆ ಹೇಳುವವರು ಅದನ್ನು ಹಾರಿಕೊಂಡು ಹೋಗುತ್ತಾರೆ. ನಾನು ಕಾಲಿಟ್ಟೆ. ಅಂದಿನಿಂದ ಹಿಡಿದ ಹೆದರಿಕೆ ಇನ್ನೂ ಬಿಟ್ಟಿಲ್ಲ.

ಇದರಲ್ಲಿ ಯಾರ ಹೆಸರೂ ಇಲ್ಲ. ನಮ್ಮ ಸೀಮೆಯಲ್ಲಿ ಹಾರ್ಮೋನಿಯಂ ಮೇಷ್ಟ್ರುಗಳು ಹೋಬಳಿಗೆ ಒಬ್ಬರಾದರೂ ಸಿಗುತ್ತಾರೆ. ಊಹಿಸುವವರು ತಪ್ಪಾಗಿ ಊಹಿಸಲಿ ಎಂದೇ ಒಂದೆರಡು ವಿವರ ಬದಲಿಸಿದ್ದೇನೆ. ಯಾಕೆ ಇಷ್ಟು ಎಚ್ಚರ ಎಂದರೆ, ನಮ್ಮಪ್ಪನ ಕಸುಬು ಅಂಥದ್ದು.

ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ವೃತ್ತಿಯ ನಟರಲ್ಲ. ಊರಿನ ಹಾಲಿನ ಡೇರಿಯ ಕಾರ್ಯದರ್ಶಿ ರಾಜನಾಗುತ್ತಾನೆ, ಟ್ರ್ಯಾಕ್ಟರ್ ಓಡಿಸುವವನು ಅವನ ತಮ್ಮನಾಗುತ್ತಾನೆ. ಅವರಿಗೆ ಪದ್ಯ, ಮಟ್ಟು, ಮಾತು ಎಲ್ಲವನ್ನೂ ತಿಂಗಳುಗಟ್ಟಲೆ ಕಲಿಸಿ, ನಾಟಕದ ದಿನ ಸ್ಟೇಜಿನ ಮುಂದೆ ಕಾಲು ಹಾರ್ಮೋನಿಯಂ ಹಿಡಿದು ಕೂತು, ಮರೆತವನಿಗೆ ಪದ ಎತ್ತಿಕೊಟ್ಟು, ಶ್ರುತಿ ಬಿಟ್ಟವನನ್ನು ಎಳೆದು ತಂದು ದಡ ಸೇರಿಸುವವರು ಮೇಷ್ಟ್ರು. ಮೇಷ್ಟ್ರ ಗಂಟಲು ಹೋದರೆ ನಡೆಯುತ್ತದೆ, ಕಣ್ಣು ಮಂಜಾದರೂ ನಡೆಯುತ್ತದೆ. ಕಿವಿ ಹೋಗಿದೆಯಂತೆ ಎಂದು ಒಬ್ಬ ಅಂದರೆ ಸಾಕು, ಮುಂದಿನ ಸಲ ನಾಟಕ ಕಲಿಸಲು ಕರೆಯುವ ವೀಳ್ಯ ಬೇರೆಯವರ ಮನೆ ಬಾಗಿಲಿಗೆ ಹೋಗುತ್ತದೆ. ವೀಳ್ಯ ಬರದ ಮೇಷ್ಟ್ರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲ. ನಮ್ಮಪ್ಪನಿಗೆ ಬೇರೇನೂ ಮಾಡಲು ಬರುವುದಿಲ್ಲ ಎಂಬುದು ಮಾತ್ರ ಗೊತ್ತು.

ಹಳೇ ಸೆಟ್ಟು ನಾನು ಹುಟ್ಟುವುದಕ್ಕೆ ಮೊದಲೇ ಮನೆಗೆ ಬಂದದ್ದು. ಬೆಳ್ಳಿ ಬಣ್ಣದ ಮುಖ, ಎರಡು ಪಕ್ಕದಲ್ಲಿ ಮರದ ಹಲಗೆ, ರೇಡಿಯೊ ಪಟ್ಟಿಯ ಹಿಂದೆ ಹಸಿರು ದೀಪ. ಎತ್ತಲು ಇಬ್ಬರು ಬೇಕು. ಶಿರಾದ ಒಬ್ಬ ರೇಡಿಯೊ ರಿಪೇರಿಯವರು, ನಾವು ಚಾಚಾ ಎನ್ನುತ್ತೇವೆ, ಅದನ್ನು ಕೊಡಿಸಿದ್ದರು, ಈಗಲೂ ಅವರೇ ಅದರ ವೈದ್ಯರು. ಅಪ್ಪ ತಾಲೀಮಿನ ಕ್ಯಾಸೆಟ್ಟುಗಳನ್ನೆಲ್ಲ ಅದರಲ್ಲೇ ಕೇಳುವುದು. ಊಟವಾದ ಮೇಲೆ ಮಧ್ಯಾಹ್ನ ಮಂಚದ ಮೇಲೆ ಒರಗಿ, ಯಾವ ಊರಿನಲ್ಲಿ ಪಾತ್ರ ಹಾಕಿದ ಯಾವ ಪಾರ್ಟುದಾರ ಎಲ್ಲಿ ತಾಳ ಬಿಟ್ಟ ಎಂದು ಹುಡುಕುತ್ತಾ ಬೈಯುತ್ತಿದ್ದರು. ಆ ಬೈಗುಳದ ಜೋಗುಳದಲ್ಲೇ ನಾನು ಬೆಳೆದೆ.

ಹೊಸ ಸೆಟ್ಟು ತಂದವಳು ನಾನು. ಕಪ್ಪು, ತೆಳ್ಳಗೆ, ಮುಖದ ಮೇಲೆ ಒಂದೇ ನಾಬ್, ಉಳಿದದ್ದೆಲ್ಲ ರಿಮೋಟಿನಲ್ಲಿ. ಹಳೇದರ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಜುಂ ಎಂದು ಗುನುಗುತ್ತಿತ್ತು, ನಾಬ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಹೊಸದು ಹಾಡು ನಿಲ್ಲಿಸಿದರೆ ಇದೆಯೋ ಇಲ್ಲವೋ ತಿಳಿಯದಷ್ಟು ಮೌನ. ಅಪ್ಪ ಒಂದು ಕ್ಯಾಸೆಟ್ಟು ಅದರಲ್ಲಿ ಕೇಳಿ ತಲೆ ಆಡಿಸಿದರು. "ಜೀವ ಇಲ್ಲ ಬುಡು."

"ಜೀವ ಅಂದ್ರೆ ಏನಪ್ಪ? ಅಳೆಯೋದು ಹೆಂಗೆ?"

"ಅಳೆಯಾಕೆ ಅದೇನು ಅಕ್ಕಿನಾ, ಲಾಯರಮ್ಮ?"

ನಾನು ಲಾ ಓದುತ್ತಿರಲಿಲ್ಲ, ಈಗಲೂ ಓದುತ್ತಿಲ್ಲ. ಎದುರು ಮಾತಾಡುವ ಹೆಣ್ಣು ಮಕ್ಕಳಿಗೆ ಅಪ್ಪನ ಪದವಿ ಅದು.

ನನ್ನ ವಾದ ಇಷ್ಟೇ: ಎರಡು ಸೆಟ್ಟುಗಳ ಸದ್ದಿನ ಮಟ್ಟವನ್ನು ಸಮ ಮಾಡಿ, ಯಾವುದು ಯಾವುದೆಂದು ಕಾಣದ ಹಾಗೆ ಮುಚ್ಚಿಟ್ಟರೆ, ಯಾರೂ ಗುರುತು ಹಿಡಿಯಲಾರರು. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸಿದಂತೆ ತೋರುತ್ತದೆ. ಬೆಳ್ಳಿ ಮುಖ, ಹಸಿರು ದೀಪ, ಮೂವತ್ತು ವರ್ಷದ ಮಧ್ಯಾಹ್ನಗಳು, ಇವೆಲ್ಲ ಕಣ್ಣಿಂದ ಒಳಹೋಗಿ ಕಿವಿಯ ಹೆಸರಿನಲ್ಲಿ ಸಾಕ್ಷಿ ಹೇಳುತ್ತವೆ. ಅಪ್ಪ ಈ ಸವಾಲಿಗೆ ಖುಷಿಯಿಂದಲೇ ಒಪ್ಪಿದರು. ಒಂದು ಭಾನುವಾರ ನಡುಮನೆಯಲ್ಲಿ ಅವರ ಮೇಳದ ಹಳೇ ಪರದೆಯೊಂದನ್ನು ಕಟ್ಟಿದೆವು, ಅರಮನೆಯ ಕಂಬಗಳ ಚಿತ್ರವಿರುವುದು. ಪರದೆಯ ಹಿಂದೆ ಎರಡು ಸೆಟ್ಟು, ಅವೆರಡಕ್ಕೂ ಒಂದೇ ಕ್ಯಾಸೆಟ್ ಪ್ಲೇಯರ್, ಒಂದೇ ಜೊತೆ ಸ್ಪೀಕರು. ಮಧ್ಯೆ ಇದರಿಂದ ಅದಕ್ಕೆ ಬದಲಾಯಿಸಲು ಚಾಚಾ ಮಾಡಿಕೊಟ್ಟ ಸ್ವಿಚ್ಚಿನ ಡಬ್ಬಿ. ಚಾಚಾ ಶಿರಾದಿಂದ ಬಸ್ಸು ಹತ್ತಿ ಬಂದಿದ್ದರು. ಸ್ವಿಚ್ಚು ಅವರ ಕೈಯಲ್ಲಿ. ಬೀದಿಯವರು ಬಾಗಿಲು, ಕಿಟಕಿ ತುಂಬ.

ಕೊರಟಗೆರೆಯಿಂದ ಇನ್ನೊಬ್ಬರು ಬಂದಿದ್ದರು. ಅಪ್ಪನ ಜೊತೆ ಕಂಚಿನ ತಾಳ ಹಾಕುವವರು. ನೆಂಟರಲ್ಲ, ಆದರೂ ನನಗೆ ಮಾವ. ಬೇರೆ ಮೇಳಗಳಲ್ಲಿ ತಾಳದವರು ಮೇಷ್ಟ್ರ ಪಕ್ಕದಲ್ಲಿ ಕೂರುತ್ತಾರೆ. ನಮ್ಮ ಮಾವ ಮಾತ್ರ ಹಾರ್ಮೋನಿಯಮ್ಮಿನ ಆಚೆ, ಅಪ್ಪನ ಮುಖಕ್ಕೆ ಮುಖ ಕೊಟ್ಟು, ಸ್ಟೇಜಿಗೆ ಬೆನ್ನು ಹಾಕಿ ಕೂರುತ್ತಾರೆ. ಹೊಸ ಹೆಂಡತಿಯನ್ನು ನೋಡುವ ಹಾಗೆ ನೋಡುತ್ತಾ ಕೂರುತ್ತಾನಲ್ಲ ಎಂದು ಪಾರ್ಟುದಾರರು ಅವರನ್ನು ರೇಗಿಸುವುದುಂಟು.

ನಾನು ಫೋನಿನಲ್ಲಿ ಸದ್ದು ಅಳೆದು ಎರಡರ ವಾಲ್ಯೂಮನ್ನು ಸಮ ಮಾಡಿದೆ. ಹಳೇದರ ಮಿಕ್ಕ ನಾಬುಗಳ ಮೇಲೆ ಕೈ ಇಟ್ಟಾಗ ಚಾಚಾ ತಡೆದರು. "ನಕ್ಕೋ ಬೇಟಿ, ಮಾಷ್ಟರ್ ಸಾಬ್ ಸೆಟ್ಟಿಂಗ್ ಮುಟ್ಟಬಾರ್ದು. ಟ್ರೆಬಲ್ ಬಿಲ್ಕುಲ್ ಫುಲ್ ಇಟ್ಕೊಂಡವ್ರೆ ನೋಡು."

"ಇದು ಸರಿಯಲ್ಲ ಚಾಚಾ. ಹೊಸದರಲ್ಲಿ ಟ್ರೆಬಲ್ ನಡುಮಧ್ಯೆ ಐತೆ. ಒಂದನ್ನ ಸಿಂಗಾರ ಮಾಡಿ ಇನ್ನೊಂದನ್ನ ಹಂಗೇ ನಿಲ್ಲಿಸಿದ್ರೆ ಹೆಂಗೆ?"

"ಲಾಯರಮ್ಮ ಆಗ್ಲೇ ಸೋತೋಳಂಗೆ ಮಾತಾಡ್ತಾವ್ಳೆ," ಎಂದು ಕಿಟಕಿಯಿಂದ ಯಾರೋ ಕೂಗಿದರು. ನಗು. ನನ್ನ ಆಕ್ಷೇಪ ಅಲ್ಲಿಗೆ ವಜಾ ಆಯಿತು.

ಟ್ರೆಬಲ್ ಎಂದರೆ ಸದ್ದಿನ ಮೇಲ್ತುದಿ, ತಾಳದ ಕಿಣ್, ಗೆಜ್ಜೆ, ಹಾಡುವವನ ಸ ಶ ಅಕ್ಷರಗಳು. ಅದನ್ನು ಪೂರಾ ಏರಿಸಿದ್ದ ಹಳೇ ಸೆಟ್ಟು ಹಾಡಿದಾಗ ಕ್ಯಾಸೆಟ್ಟಿನಲ್ಲಿದ್ದ ಮಾವನ ತಾಳ ನನ್ನ ಕಿವಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಬೀದಿಯವರಿಗೆ ಅದು ಪವರ್ ಅನ್ನಿಸಿತು. ಚಾಚಾ ಸ್ವಿಚ್ಚು ಬದಲಿಸಿದರು. ಅಪ್ಪ ತಡ ಮಾಡದೆ ಅಂದರು, "ಇದು ಹೊಸ್ದು. ಇದ್ರಾಗೆ ತಾಳನೇ ಬೀಳ್ತಿಲ್ಲ."

ಎಲ್ಲರೂ ಹೋ ಎಂದು ನಕ್ಕರು. ಮೇಷ್ಟ್ರು ತಮಾಷೆಗೆ ಹೊಸ ಸೆಟ್ಟನ್ನು ಜರಿಯುತ್ತಿದ್ದಾರೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಯಾಕೆಂದರೆ ತಾಳ ಬೀಳುತ್ತಿತ್ತು. ಹದವಾಗಿ, ಸ್ವಚ್ಛವಾಗಿ ಬೀಳುತ್ತಿತ್ತು. ಅದು ಮಾವನದೇ ತಾಳ. ನಾನು ಅವರ ಕಡೆ ತಿರುಗಿ, "ಏನ್ ಮಾವ, ನೀವು ತಾಳನೇ ಹಾಕಿಲ್ವಂತೆ," ಎಂದೆ. ಅವರು ನಗಲಿಲ್ಲ. "ಔದೌದು, ಇದ್ರಾಗೆ ಇಲ್ಲ ಬುಡವ್ವ," ಎಂದು ಬೇಗ ಬೇಗ ಹೇಳಿ ಕೆಳಗೆ ನೋಡಿದರು.

ಎಷ್ಟು ಸಲ ಬದಲಿಸಿದರೂ ಅಪ್ಪ ತಪ್ಪಲಿಲ್ಲ. ಪ್ರತಿ ಸಲವೂ ಅದೇ ಕಾರಣ: ತಾಳ ಐತೆ, ಹಳೇದು. ತಾಳ ಇಲ್ಲ, ಹೊಸದು. ಚಾಚಾ ಪರದೆ ಸರಿಸಿ ಹೊರಬಂದು ಅಪ್ಪನ ಕೈ ಹಿಡಿದು, "ಕ್ಯಾ ಕಾನ್ ಹೈ ಮಾಷ್ಟರ್ ಸಾಬ್, ಇಂಥ ಕಿವಿ ಇಡೀ ಜಿಲ್ಲೇಲಿ ಇಲ್ಲ," ಎಂದರು. ಬೀದಿಯ ಕಥೆ ಇಲ್ಲಿಗೆ ಮುಗಿಯುತ್ತದೆ.

ನನಗೆ ಮುಗಿಯಲಿಲ್ಲ. ಆ ಪರೀಕ್ಷೆ ಎರಡು ಸೆಟ್ಟುಗಳ ನಡುವೆ ನಡೆದಿರಲಿಲ್ಲ, ಎರಡು ಟ್ರೆಬಲ್ಲುಗಳ ನಡುವೆ ನಡೆದಿತ್ತು. ಇಷ್ಟು ಸುಲಭದ ತಪ್ಪನ್ನು ಹಾಗೇ ಬಿಟ್ಟರೆ ನಾನು ಕಲಿತದ್ದಕ್ಕೆ ಅರ್ಥವಿಲ್ಲ ಅನ್ನಿಸಿತು. ಒಂದು ಮಂಗಳವಾರ ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಅಮ್ಮ ಗೊರವನಹಳ್ಳಿಯ ಗುಡಿಗೆ ಹೋಗಿದ್ದಾಗ, ಇನ್ನೊಂದು ಸಲ ಎಂದೆ. ಗೆಲ್ಲುವ ಆಟವನ್ನು ಯಾರು ಬೇಡ ಅನ್ನುತ್ತಾರೆ? ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಪರದೆಯ ಮುಂದೆ ಕೂತರು.

ಈ ಸಲ ಎರಡು ಸೆಟ್ಟಿನ ಟ್ರೆಬಲ್ಲೂ ನಡುಮಧ್ಯೆ. ಮೊದಲು ನಾನೇ ಕೇಳಿ ನೋಡಿದೆ, ಕಣ್ಣು ಮುಚ್ಚಿ ಸ್ವಿಚ್ಚನ್ನು ಹಿಂದೆ ಮುಂದೆ ಒತ್ತಿ ನನಗೇ ಮರೆತು ಹೋಗುವ ಹಾಗೆ ಮಾಡಿಕೊಂಡು. ಹಳೇದರ ಗುನುಗು ಹಾಡಿನಡಿ ಮುಚ್ಚಿಹೋಗಿತ್ತು, ಗುರುತು ಸಿಗಲಿಲ್ಲ. ಒಂದರಲ್ಲಿ ಕೆಳದನಿ ಚೂರು ದಪ್ಪ ಅನ್ನಿಸಿ ಅದೇ ಹಳೇದು ಎಂದುಕೊಂಡರೆ ಅದು ಹೊಸದಾಗಿತ್ತು. ಅಂದರೆ ನನ್ನ ವಾದ ಸರಿ. ಒಳಗೊಳಗೆ ಕುಣಿದೆ.

ಅಪ್ಪನಿಗೆ ಹಳೇದನ್ನು ಹಾಕಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಹೊಸ್ದು," ಎಂದರು. ಹೊಸದನ್ನು ಹಾಕಿದೆ. "ಹೊಸ್ದು." ಮತ್ತೆ ಹಳೇದು. ಈ ಸಲ ತಡವಾಯಿತು. ಪರದೆಯ ಕಂಬಗಳ ನಡುವೆ ಒಂದು ಕಡೆ ಬಟ್ಟೆ ಹರಿದಿತ್ತು. ಅದರ ಮೂಲಕ ನನಗೆ ಅವರ ಮುಖ ಕಾಣುತ್ತಿತ್ತು. ಕತ್ತು ಮುಂದೆ ಚಾಚಿದ್ದರು. ಕತ್ತಲೆಯಲ್ಲಿ ಬಾಗಿಲ ಹೊರಗೆ ಯಾರೋ ನಿಂತಿದ್ದಾರೆಯೇ ಎಂದು ಆಲಿಸುವವರ ಹಾಗೆ.

"ಲೇ, ಮೋಸ ಮಾಡ್ತಿದೀಯ. ಬರೀ ಹೊಸ್ದೇ ಹಾಕ್ತಿದೀಯ."

"ಇಲ್ಲಪ್ಪ. ಬದಲಾಯಿಸ್ತಾನೇ ಇದೀನಿ."

"ಮತ್ತೆ ತಾಳ ಎಲ್ಲೋಯ್ತು?"

ನಾನು ಹಳೇ ಸೆಟ್ಟಿನ ಹಸಿರು ದೀಪದ ಮುಂದೆ ಕೂತಿದ್ದೆ. ಕಿಣ್, ಕಿಣ್, ಕಿಣ್. ತಾಳ ನನ್ನ ಎದೆಯ ಹತ್ತಿರವೇ ಬೀಳುತ್ತಿತ್ತು. ಕೋಣೆಯ ತುಂಬ ಬೀಳುತ್ತಿತ್ತು. ಅದೇ ಕೋಣೆಯಲ್ಲಿ ನಾಲ್ಕು ಮಾರು ಆಚೆ ಕೂತಿದ್ದ ಅಪ್ಪ ಅದು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಪರದೆಯ ಆಚೆ ಕೂತಿದ್ದವರು ಗೊತ್ತಿಲ್ಲದ ಯಾರೋ ಅನ್ನಿಸಿತು.

ಇನ್ನೊಂದು ಪ್ರಯೋಗ ಬಾಕಿ ಇತ್ತು. ಮಾಡದೆ ಎದ್ದುಬಿಡಬಹುದಾಗಿತ್ತು. ಆದರೆ ಸಂಶಯಕ್ಕೆ ಉತ್ತರ ಸಿಗುವವರೆಗೆ ಬಿಡಬಾರದು ಎಂದು ಕಾಲೇಜಿನಲ್ಲಿ ನನಗೆ ಕಲಿಸಿದ್ದರಲ್ಲ. ಸ್ವಿಚ್ಚನ್ನು ಹೊಸ ಸೆಟ್ಟಿಗೆ ಹಾಕಿ, ರಿಮೋಟಿನಲ್ಲಿ ಅದರ ಟ್ರೆಬಲ್ಲನ್ನು ಕೊನೆಯವರೆಗೂ ಏರಿಸಿದೆ. ಸೂಜಿ ಮತ್ತೆ ಚುಚ್ಚತೊಡಗಿತು.

ಅಪ್ಪನ ಮುಖ ಅರಳಿತು. ಮಂಚಕ್ಕೆ ಒರಗಿದರು. ತೊಡೆಯ ಮೇಲೆ ಬೆರಳು ಕುಣಿಯತೊಡಗಿತು. "ಹಾಂ! ಇದು ಹಳೇದು. ನೋಡ್ದಾ, ಈಗ ಬಂತು ಜೀವ. ನನ್ಹತ್ರ ಆಟ ಆಡ್ತೀಯ?"

ಚರ್ಚೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಗೆಲುವು ಇಲ್ಲ. ಎದುರಾಳಿ ತಾನೇ ಬಂದು ನನ್ನ ಕೈಗೆ ತೀರ್ಪು ಕೊಟ್ಟಿದ್ದರು. ಪರದೆ ಸರಿಸಿ, ನೋಡಪ್ಪ, ಹಾಡ್ತಿರೋದು ಹೊಸದು ಎಂದು ತೋರಿಸಿದರೆ ಮುಗಿಯಿತು.

"ಔದಪ್ಪ," ಎಂದೆ. "ಹಳೇದೇ."

ಅಲ್ಲಿಂದ ಮುಂದೆ ನನಗೆ ಮನೆಯ ಸದ್ದುಗಳೆಲ್ಲ ಪರೀಕ್ಷೆಗಳಾದವು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಅಪ್ಪನ ಕಡೆ ನೋಡುತ್ತಿದ್ದೆ. ಮೊದಲೆಲ್ಲ ಹಲ್ಲಿ ನುಡಿದರೆ ನೆಲ ಕುಟ್ಟಿ ಕೃಷ್ಣ ಕೃಷ್ಣ ಅನ್ನುತ್ತಿದ್ದವರು ಈಗ ಸುಮ್ಮನೆ ಉಣ್ಣುತ್ತಿದ್ದರು. ಯಾವಾಗಿನಿಂದ ಅನ್ನುತ್ತಿಲ್ಲ? ನೆನಪಾಗಲಿಲ್ಲ. ಹಲ್ಲಿ ಶಕುನವನ್ನು ಮೂಢನಂಬಿಕೆ ಎಂದು ನಾನೇ ಜಗಳ ಆಡಿದ್ದೆ. ನನ್ನ ವಾದಕ್ಕೆ ಒಪ್ಪಿ ಬಿಟ್ಟಿದ್ದಾರೆ ಎಂದು ಬೀಗಿದ್ದೆ ಬೇರೆ. ಅಮ್ಮ ಹಿತ್ತಿಲಿನಿಂದ ಕರೆದರೆ ಅವರು ತಿರುಗುತ್ತಿದ್ದರು, ಆದರೆ ತಪ್ಪು ದಿಕ್ಕಿಗೆ. ಅಮ್ಮ ಅದನ್ನು ಗಂಡಸಿನ ಗರ್ವ ಎಂದು ತಿಳಿದು ಗೊಣಗುತ್ತಿದ್ದಳು.

ಸ್ಕೂಟರಿನ ಹಿಂದೆ ಕೂತಾಗ ನಿಜವಾಗಿ ಹೆದರಿದೆ. ಪಾವಗಡದ ಕಡೆಯ ಒಂದು ಊರಿನಲ್ಲಿ ತಾಲೀಮು ನಡೆಯುತ್ತಿತ್ತು, ಅಪ್ಪ ನನ್ನನ್ನು ಜೊತೆಗೆ ಕರೆದೊಯ್ದಿದ್ದರು. ದೊಡ್ಡೇರಿ ದಾಟಿದ ಮೇಲೆ ಹಿಂದಿನಿಂದ ಖಾಸಗಿ ಬಸ್ಸೊಂದು ಹಾರ್ನ್ ಹೊಡೆಯಿತು. ಅಪ್ಪನಿಗೆ ಕೇಳಿಸಿತು. ಭುಜ ಬಿಗಿಯಾದದ್ದು ನನ್ನ ಕೈಗೆ ಗೊತ್ತಾಯಿತು. ಆದರೆ ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದೆ ಸ್ಕೂಟರನ್ನು ಬಲಕ್ಕೆ, ರಸ್ತೆಯ ಮಧ್ಯಕ್ಕೆ ತಂದರು. ನಾನು "ಎಡಕ್ಕೆ! ಅಪ್ಪಾ ಎಡಕ್ಕೆ!" ಎಂದು ಕಿರುಚಿ ಅವರ ಎಡ ಭುಜವನ್ನು ಹಿಡಿದು ಎಳೆದೆ. ಬಸ್ಸು ಗಾಳಿಯನ್ನೆಲ್ಲ ಎಳೆದುಕೊಂಡು ಪಕ್ಕದಲ್ಲೇ ಹೋಯಿತು. ಕಿಟಕಿಯಿಂದ ಕಂಡಕ್ಟರು ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಂಡ.

ಮುಂದೆ ಒಂದು ಹುಣಸೆ ಮರದ ಕೆಳಗೆ ಅಪ್ಪ ನಿಲ್ಲಿಸಿದರು. ನೀರು ಕುಡಿದರು. ಇದೇ ಸಮಯ ಎಂದುಕೊಂಡು ಮೆಲ್ಲಗೆ ಶುರು ಮಾಡಿದೆ.

"ಅಪ್ಪ, ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ್ವಾ?"

"ಯಾರ್ ಕಿವಿ? ನಿಂದಾ? ತೋರಿಸ್ಕೊ. ಆ ಡಬ್ಬ ಸೆಟ್ಟು ಕೇಳಿ ಕೇಳಿ ಕೆಟ್ಟಿರ್ತೈತೆ."

ನಕ್ಕು ಸ್ಕೂಟರು ಹತ್ತಿದರು. ಆ ನಗು ಎಂದಿನ ನಗುವೋ, ಹೊಸದಾಗಿ ಹೊಲಿದುಕೊಂಡ ನಗುವೋ ನನಗೆ ಇಂದಿಗೂ ಗೊತ್ತಾಗಿಲ್ಲ. ಮಾತಿನಲ್ಲಿ ಒಬ್ಬರನ್ನು ಮೂಲೆಗೆ ತಳ್ಳುವುದು ಹೇಗೆಂದು ನನಗೆ ಚೆನ್ನಾಗಿ ಬರುತ್ತದೆ. ಆ ಮೂಲೆಯಲ್ಲಿ ಅಪ್ಪ ನಿಂತಿರುವುದನ್ನು ನೋಡುವ ಧೈರ್ಯ ಬರಲಿಲ್ಲ.

ತಾಲೀಮಿನಲ್ಲಿ ನಾನು ಪಾರ್ಟುದಾರರನ್ನು ನೋಡಲಿಲ್ಲ, ಮಾವನನ್ನು ನೋಡಿದೆ. ಹುಟ್ಟಿದಾಗಿನಿಂದ ಕಂಡದ್ದನ್ನು ಮೊದಲ ಸಲ ಕಂಡೆ. ತಾಳ ಬೀಳುವ ಪ್ರತಿ ಸಲ ಅವರ ಗದ್ದ ಕೆಳಗೆ ಇಳಿಯುತ್ತಿತ್ತು. ಹಾಡಿನ ಮೊದಲೇಟಿಗೆ ಭುಜವೂ ಇಳಿಯುತ್ತಿತ್ತು. ಸ್ಟೇಜಿನ ಮೇಲಿನವನು ಪದ ಮರೆತರೆ ಮಾವನ ತುಟಿ ಅದನ್ನು ಸದ್ದಿಲ್ಲದೆ ಆಡುತ್ತಿತ್ತು, ಅಪ್ಪ ಅಲ್ಲಿಂದ ಎತ್ತಿಕೊಂಡು ಗಟ್ಟಿಯಾಗಿ ಹೇಳಿಕೊಡುತ್ತಿದ್ದರು. ತಬಲದ ದಪ್ಪ ಸದ್ದು, ಹಾರ್ಮೋನಿಯಮ್ಮಿನ ಸದ್ದು ಅಪ್ಪನಿಗೆ ಸಿಗುತ್ತಿತ್ತು. ಸಿಗದೆ ಇದ್ದುದನ್ನೆಲ್ಲ ಮಾವ ಮುಖದ ಮೇಲೆ ಬರೆದು ತೋರಿಸುತ್ತಿದ್ದರು. ಹೊಸ ಹೆಂಡತಿಯನ್ನು ನೋಡುವ ಹಾಗೆ ನೋಡುತ್ತಿದ್ದವರು ಮಾವನಲ್ಲ, ಅಪ್ಪ.

ನಾಟಕ ಒಂದು ಹಗಲು. ಈಗೀಗ ನಮ್ಮ ಕಡೆ ಬೆಳಿಗ್ಗೆ ಪರದೆ ಎತ್ತಿ ಸಂಜೆಗೆ ಮುಗಿಸುವುದೇ ಹೆಚ್ಚು. ನಾವು ಹೋಗುವ ಹೊತ್ತಿಗೆ ಶಾಮಿಯಾನ ಬಿದ್ದಿತ್ತು. ಸ್ಟೇಜಿನ ಎದುರು ಕ್ಯಾಮೆರಾದವನೊಬ್ಬ ಮೂರು ಕಾಲಿನ ಸ್ಟ್ಯಾಂಡು ನೆಟ್ಟುಕೊಂಡು ಕುರ್ಚಿಗಳನ್ನು ಜರುಗಿಸುತ್ತಿದ್ದ. ನಾಟಕ ಫೋನಿನಲ್ಲಿ ಲೈವ್ ಹೋಗುತ್ತದಂತೆ. ಅವನು ಹಾರ್ಮೋನಿಯಂ, ತಬಲ, ತಾಳ ಮೂರನ್ನೂ ಪಕ್ಕಕ್ಕೆ ತಳ್ಳಿ ಒಂದರ ಹಿಂದೆ ಒಂದರಂತೆ ಒಂದೇ ಸಾಲಿನಲ್ಲಿ ಇರಿಸಿದ್ದ. ತಾಳದ ಕುರ್ಚಿ ಅಪ್ಪನ ಕುರ್ಚಿಯ ಹಿಂದೆ.

ಮಾವ ಆ ಕುರ್ಚಿಯನ್ನು ನೋಡುತ್ತಾ ಚೀಲ ಹಿಡಿದುಕೊಂಡು ನಿಂತುಬಿಟ್ಟಿದ್ದರು.

"ತಾಳದವ್ರು ಎದುರಿಗೆ ಕೂರ್ತಾರೆ," ಎಂದೆ ನಾನು, ನಾಟಕ ಮಂಡಳಿಯ ಹಿರಿಯರೊಬ್ಬರಿಗೆ.

"ಏಮಮ್ಮಾ, ಕ್ಯಾಮೆರಾಗೆ ತಲೆ ಅಡ್ಡ ಬರ್ತೈತಿ ಕದಾ. ತಾಳ ಎಲ್ಲಿಂದ ಹಾಕಿದ್ರೂ ತಾಳಾನೇ. ಕೇಳಿಸ್ತೈತಿ ಬಿಡು."

ಕೇಳಿಸ್ತೈತಿ. ಅವರ ತರ್ಕದಲ್ಲಿ ದೋಷವೇ ಇರಲಿಲ್ಲ. ಎಲ್ಲ ಕಿವಿಗಳಿಗೂ ಅದು ಸರಿಯಾದ ಮಾತು, ಒಂದು ಜೊತೆಯನ್ನು ಬಿಟ್ಟು. ಆ ಒಂದು ಜೊತೆಯ ವಿಷಯ ನಾನು ಹೇಳುವಂತಿರಲಿಲ್ಲ. ನಿಜ ಹೇಳಲಾಗದ ಕಡೆ ನಾನು ಮೊದಲ ಸಲ ವಾದಕ್ಕೆ ನಿಂತಿದ್ದೆ.

"ಅದು ನಮ್ಮ ಮೇಳದ ಪದ್ಧತಿ ಯಜಮಾನ್ರೇ. ನಮ್ಮ ತಾತನ ಕಾಲದಿಂದ ಬಂದಿರೋದು. ತಾಳ ಹಾರ್ಮೋನಿಯಂಗೆ ಬೆನ್ನ ಹಿಂದೆ ಕೂತ್ರೆ ರಾಜನ ಪಾರ್ಟು ಮಾಡೋನಿಗೆ ಕೇಡು. ಒಂದೂರಲ್ಲಿ ಇಂಗೇ ಹಿಂದಕ್ಕೆ ಕೂರಿಸಿದ್ರು. ರಾಜ ಕಿರೀಟ ಇಟ್ಕೊಂಡೇ ಮುಗ್ಗರಿಸಿ ಬಿದ್ದು ಕಾಲು ಮುರ್ಕೊಂಡ."

ನಮ್ಮ ತಾತ ಹಾರ್ಮೋನಿಯಂ ಮುಟ್ಟಿದವರೇ ಅಲ್ಲ. ಬಿದ್ದ ರಾಜನನ್ನು ನಾನು ಅದೇ ಕ್ಷಣ ಹುಟ್ಟಿಸಿದ್ದೆ. ಇಂಥದ್ದೊಂದನ್ನು ಯಾರಾದರೂ ವೇದಿಕೆಯ ಮೇಲೆ ಹೇಳಿದ್ದರೆ ಯಾವ ಊರು, ಯಾರು ನೋಡಿದರು, ಮುಗ್ಗರಿಸಿದ್ದು ತಾಳದಿಂದಲೋ ರತ್ನಗಂಬಳಿಯಿಂದಲೋ ಎಂದು ಎಳೆಎಳೆಯಾಗಿ ಬಿಡಿಸಿ ಅವರನ್ನು ಕೆಳಗಿಳಿಸುತ್ತಿದ್ದೆ. ಇಲ್ಲಿ ಯಾರೂ ಕೇಳಲಿಲ್ಲ. ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡಿದ್ದ ರಾಜ, ಅಂದರೆ ಡೇರಿಯ ಕಾರ್ಯದರ್ಶಿ, ಬಣ್ಣದ ಮನೆಯಿಂದಲೇ ಕೂಗಿದ. "ವದ್ದು ಸಾಮೀ, ಬ್ಯಾಡ! ಯಾರ್ ಯಾರು ಎಲ್ಲಿ ಕೂರ್ತಾರೋ ಅಲ್ಲೇ ಕೂರ್ಲಿ. ನಂಗೆ ನಾಳೆ ಹಾಲು ಅಳೀಬೇಕು. ಏಯ್ ಕ್ಯಾಮೆರಾ, ನೀನೇ ಎತ್ಕೊಂಡು ಆಕಡೆ ಹೋಗಯ್ಯಾ!"

ಕುರ್ಚಿ ಎದುರಿಗೆ ಬಂತು. ಅಪ್ಪ ದೂರದಲ್ಲಿ ತಬಲದವರ ಜೊತೆ ಇದ್ದರು. "ಏನಂತ್ಲಾ ಗಲಾಟೆ?" ಎಂದರು. ಮಾವ, "ಏನಿಲ್ಲ ಮೇಷ್ಟ್ರೇ, ಜಾಗ ಮಾಡ್ತಾವ್ರೆ," ಎಂದು ಗಟ್ಟಿಯಾಗಿ ಹೇಳಿ, ನನ್ನ ಕಡೆ ಒಮ್ಮೆ ನೋಡಿದರು. ಬಹಳ ಹೊತ್ತು ನೋಡಲಿಲ್ಲ.

ಮಧ್ಯಾಹ್ನದವರೆಗೆ ನಾಟಕ ಚೆನ್ನಾಗಿಯೇ ಹೋಯಿತು. ನಾನು ಮುಂದಿನ ಸಾಲಿನ ತುದಿಯಲ್ಲಿ, ಇಬ್ಬರ ಮುಖವೂ ಓರೆಯಾಗಿ ಕಾಣುವ ಕಡೆ ಕೂತು ಮಾವನ ಗದ್ದ ಇಳಿಯುವುದನ್ನು ಎಣಿಸುತ್ತಿದ್ದೆ. ರಾಜ ತನ್ನ ದೊಡ್ಡ ಹಾಡಿಗೆ ಬಂದು ನಿಂತ. ಅವನನ್ನು ಹತ್ತಿರದಿಂದ ಹಿಡಿಯಬೇಕೆಂದು ಕ್ಯಾಮೆರಾದವನು ಸ್ಟ್ಯಾಂಡಿನಿಂದ ಕ್ಯಾಮೆರಾ ಕಳಚಿಕೊಂಡು ಬಂದು, ನೇರ ಹಾರ್ಮೋನಿಯಮ್ಮಿಗೂ ಮಾವನಿಗೂ ನಡುವೆ ನಿಂತ.

ಅಪ್ಪನ ಮುಖದ ಬಣ್ಣ ಇಳಿದದ್ದನ್ನು ಆ ಶಾಮಿಯಾನದಲ್ಲಿ ನಾನೊಬ್ಬಳೇ ಕಂಡಿರಬೇಕು. ಅವರು ಕತ್ತು ಚಾಚಿದರು. ಅದೇ ಕತ್ತು, ಪರದೆಯ ಹರುಕಿನಲ್ಲಿ ಕಂಡದ್ದು. ಕ್ಯಾಮೆರಾದವನ ಸೊಂಟದ ಎಡಕ್ಕೆ ಇಣುಕಿದರು, ಬಲಕ್ಕೆ ಇಣುಕಿದರು. ರಾಜ ಪಲ್ಲವಿ ಮುಗಿಸಿ ಮುಂದಿನ ಸಾಲಿನ ಎತ್ತುಗಡೆಗೆ ಕಾಯುತ್ತಾ ನಿಂತಿದ್ದ. ಅಪ್ಪ ಎತ್ತಿಕೊಡಲಿಲ್ಲ. ಒಂದೇ ಸ್ವರವನ್ನು ಒತ್ತಿ ಹಿಡಿದರು, ಅದರ ಸುತ್ತ ಬೆರಳಾಡಿಸಿದರು, ಮತ್ತೆ ಹಿಡಿದರು. ಮಾವ ಆಚೆಯಿಂದ ತಾಳವನ್ನು ಬಡಿಯುತ್ತಲೇ ಇದ್ದರು, ಜೋರಾಗಿ, ಇನ್ನೂ ಜೋರಾಗಿ. ನನಗೆ ಕಿವಿ ಗುಯ್ಗುಟ್ಟುತ್ತಿತ್ತು. ನೂರಾರು ಜನರ ನಡುವೆ ಆ ಸದ್ದು ಯಾರಿಗೆ ತಲುಪಬೇಕಿತ್ತೋ ಅವರಿಗೊಬ್ಬರಿಗೆ ತಲುಪುತ್ತಿರಲಿಲ್ಲ.

ನಾನು ಓಡಿಹೋಗಿ ಕ್ಯಾಮೆರಾದವನ ಅಂಗಿ ಹಿಡಿದು ಎಳೆದೆ. ಅವನು ಬೈಯುತ್ತಾ ಸರಿದ. ಮಾವನ ಗದ್ದ ಕಂಡಿತು. ಅಪ್ಪ ಒಂದೇಟು ಬಿಟ್ಟು, ಎರಡನೆಯದಕ್ಕೆ ಎತ್ತಿಕೊಂಡರು.

ಶಾಮಿಯಾನ ಶಿಳ್ಳೆ ಹೊಡೆಯಿತು. "ಎಂಥಾ ಆಲಾಪ, ಮೇಷ್ಟ್ರು ಅಂದ್ರೆ ಮೇಷ್ಟ್ರು!" ನನ್ನ ಹಿಂದೆ ಕೂತವನು ಪಕ್ಕದವನಿಗೆ, "ಚೂಸಿನಾವಾ, ನೋಡ್ದಾ? ಅಷ್ಟೊತ್ತು ಆಟ ಆಡಿಸ್ಬಿಟ್ಟು ಹೆಂಗ್ ತಂದು ಇಟ್ಟ," ಎಂದ. ಅಲ್ಲೂ ಒಂದು ಕಥೆ ಹುಟ್ಟಿತು. ಅದನ್ನೂ ಟೀ ಅಂಗಡಿಗಳಲ್ಲಿ ಹೇಳುತ್ತಿರಬಹುದು.

ನಾಟಕ ಮುಗಿದು, ಪಾರ್ಟುದಾರರು ಬಣ್ಣ ಒರೆಸಿಕೊಳ್ಳುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಸ್ಟೇಜಿನ ಹಿಂದೆ ಬೇವಿನ ಕಟ್ಟೆಯ ಮೇಲೆ ಮಾವ ಒಬ್ಬರೇ ಕೂತು ಟೀ ಕುಡಿಯುತ್ತಿದ್ದರು. ಅಂಗೈ ಕೆಂಪಗೆ ಊದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮಾವ, ಎದುರಿಗೆ ಕೂರೋ ಪದ್ಧತಿ ಯಾವಾಗ್ಲಿಂದ?"

"ನೀನೇ ಯೋಳ್ದಲ್ಲವ್ವ, ನಿಮ್ ತಾತನ ಕಾಲ್ದಿಂದ ಅಂತ." ನಕ್ಕರು. "ಆ ರಾಜ ಬಿದ್ದಿದ್ದು ಯಾವೂರಾಗೆ?"

"ತಮಾಷೆ ಬ್ಯಾಡ ಮಾವ."

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. ಸ್ಟೇಜಿನ ಮುಂದುಗಡೆ ಯಾರೋ ಅಪ್ಪನಿಗೆ ಶಾಲು ಹೊದಿಸುತ್ತಿದ್ದರು, ಮುಂದಿನ ವರ್ಷವೂ ನೀವೇ ಬರಬೇಕು ಎನ್ನುತ್ತಿದ್ದರು. ಅಪ್ಪ ಅವರ ತುಟಿಯನ್ನೇ ನೋಡುತ್ತಾ ತಲೆ ಆಡಿಸುತ್ತಿದ್ದರು. ನನಗೆ ಹಳೇ ಸೆಟ್ಟಿನ ಟ್ರೆಬಲ್ ನಾಬ್ ನೆನಪಾಯಿತು. ಕೊನೆಯವರೆಗೂ ತಿರುಗಿಸಿ ಆಗಿದೆ, ಅದರಾಚೆ ಅದು ತಿರುಗುವುದಿಲ್ಲ. ಇನ್ನೊಂದು ವರ್ಷಕ್ಕೆ ಅಪ್ಪನಿಗೆ ಅದೂ ಸಾಲದೆ ಹೋದರೆ?

"ಸೆಟ್ಟಿನ ವಿಷಯ ನಂಗೊತ್ತು ಮಾವ. ನೀವು ಯಾಕೆ ಎದುರಿಗೆ ಕೂರ್ತೀರ ಅಂತಾನೂ ಗೊತ್ತು. ಯಾರಿಗೂ ಯೋಳಲ್ಲ. ಒಂದೇ ಒಂದು ಯೋಳಿ. ತನ್ನ ಕಿವಿ ಹೋಗೈತೆ ಅಂತ ಅಪ್ಪಂಗೇ ಗೊತ್ತೈತಾ?"